ಮಗುವಿಗೆ ಮಾತು ತಡವೇ? ಮೊದಲು ಕಿವಿ ಪರೀಕ್ಷೆ ಮಾಡಿಸಿ

ಮಗು ನಗುತ್ತದೆ, ಓಡುತ್ತದೆ, ಚೆನ್ನಾಗಿ ಉಣ್ಣುತ್ತದೆ. ಮಾತು ಮಾತ್ರ ಬಂದಿಲ್ಲ. "ಇವನ ಅಪ್ಪನೂ ತಡವಾಗಿಯೇ ಮಾತಾಡಿದ್ದ, ಗಂಡುಮಕ್ಕಳಿಗೆ ಮಾತು ತಡ" ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಕೆಲವರು ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ, ಕೆಲವರು ಹರಕೆ ಹೊರುತ್ತಾರೆ. ಹೀಗೆ ವರ್ಷಗಳು ಕಳೆದು, ಶಾಲೆಗೆ ಸೇರಿಸುವ ಹೊತ್ತಿಗೆ ಆಸ್ಪತ್ರೆಗೆ ಬರುವ ಪಾಲಕರಿದ್ದಾರೆ. ಮಗುವಿನ ಕಿವಿಯಲ್ಲಿ ದೋಷವಿದ್ದರೆ, ಕಾದ ಆ ವರ್ಷಗಳು ಮತ್ತೆ ಸಿಗುವುದಿಲ್ಲ.

ಮಾತಿಗೆ ಮೂಲ ಕಿವಿ

ಮಗು ತಾನು ಕೇಳಿದ್ದನ್ನು ನೋಡಿ, ಅನುಕರಿಸಿ ಮಾತು ಕಲಿಯುತ್ತದೆ. ಕೇಳದ ಮಗುವಿಗೆ ನಾಲಿಗೆ, ಗಂಟಲು ಸರಿಯಾಗಿದ್ದರೂ ಮಾತು ಬರುವುದಿಲ್ಲ. ಮಿದುಳು ಭಾಷೆಯನ್ನು ಸುಲಭವಾಗಿ ಹಿಡಿಯುವುದು ಮೊದಲ ಮೂರು ವರ್ಷಗಳಲ್ಲಿ. ಆದ್ದರಿಂದ ದೋಷವನ್ನು ಎಷ್ಟು ಬೇಗ ಗುರುತಿಸಿದರೆ ಅಷ್ಟು ಒಳ್ಳೆಯದು. ಒಂದು ತಿಂಗಳೊಳಗೆ ಮೊದಲ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಆರಂಭವಾಗಬೇಕು ಎಂಬುದು ತಜ್ಞರ ಸೂತ್ರ.

ವಯಸ್ಸಿಗೆ ತಕ್ಕ ಲಕ್ಷಣಗಳು

- ಹುಟ್ಟಿದ ಮಗು: ದೊಡ್ಡ ಸದ್ದಿಗೆ ಬೆಚ್ಚುತ್ತದೆ.
- 6 ತಿಂಗಳು: ಸದ್ದು ಬಂದ ಕಡೆ ತಿರುಗುತ್ತದೆ.
- 9 ತಿಂಗಳು: ಹೆಸರು ಕರೆದರೆ ನೋಡುತ್ತದೆ, 'ಬಬಬ', 'ಮಮಮ' ಎಂದು ತೊದಲುತ್ತದೆ.
- 1 ವರ್ಷದ ಆಸುಪಾಸು: 'ಅಮ್ಮ', 'ಅಪ್ಪ' ಎಂಬಂಥ ಮೊದಲ ಮಾತು ಬರುತ್ತದೆ.
- 2 ವರ್ಷ: 'ಹಾಲು ಬೇಕು', 'ಅಜ್ಜಿ ಬಾ' ಎಂದು ಎರಡು ಪದ ಕೂಡಿಸಿ ಹೇಳುತ್ತದೆ.

ಒಂದೆರಡು ತಿಂಗಳು ಹಿಂದೆಮುಂದೆ ಆಗಬಹುದು. ಆದರೆ ಒಂದೂವರೆ ವರ್ಷವಾದರೂ ಒಂದು ಪದವೂ ಇಲ್ಲದಿದ್ದರೆ, ಅಥವಾ ಬಂದ ಮಾತು ನಿಂತುಹೋದರೆ ಕೂಡಲೇ ವೈದ್ಯರಿಗೆ ತೋರಿಸಬೇಕು.

"ತಟ್ಟೆ ಬಡಿದರೆ ತಿರುಗುತ್ತದಲ್ಲ!"

ಅನೇಕ ಪಾಲಕರು ಹೀಗೆ ಹೇಳುತ್ತಾರೆ. ಮಗು ನೆಲದ ಅದುರನ್ನು ಅರಿತು, ನಿಮ್ಮ ಕೈ ಅಥವಾ ನೆರಳು ಕಂಡು ತಿರುಗಿರಬಹುದು. ಕೆಲವು ಮಕ್ಕಳಿಗೆ ಡೋಲು, ಬಸ್ಸಿನ ಸದ್ದು ಕೇಳುತ್ತದೆ. 'ಸ', 'ಶ' ಮುಂತಾದ ಸೂಕ್ಷ್ಮ ಧ್ವನಿಗಳು ಕೇಳುವುದಿಲ್ಲ. ಅರ್ಧಂಬರ್ಧ ಕೇಳಿದ ಮಾತನ್ನು ಮಗು ಹೇಗೆ ಕಲಿತೀತು? ಕಿವುಡು ಮಗುವೂ ಮೊದಲ ತಿಂಗಳುಗಳಲ್ಲಿ 'ಊ, ಆ' ಎನ್ನುತ್ತದೆ. ತನ್ನ ದನಿ ತನಗೇ ಕೇಳದ್ದರಿಂದ ಆಮೇಲೆ ಮೌನವಾಗುತ್ತದೆ. ಹಾಗಾಗಿ ಮನೆಯ ಪರೀಕ್ಷೆಯನ್ನು ನಂಬಿ ಕೂರಬೇಡಿ.

ಕಾರಣಗಳು

ಗರ್ಭಿಣಿಗೆ ರುಬೆಲ್ಲಾದಂಥ ಸೋಂಕು, ಅವಧಿಗೆ ಮುನ್ನ ಹೆರಿಗೆ, ಹುಟ್ಟುವಾಗಿನ ಕಡಿಮೆ ತೂಕ, ತೀವ್ರ ಕಾಮಾಲೆ, ಮಿದುಳು ಪೊರೆಯ ಜ್ವರ, ಕಿವಿಯ ನರಕ್ಕೆ ಹಾನಿ ಮಾಡುವ ಕೆಲವು ಔಷಧಿಗಳು ಮುಖ್ಯ ಕಾರಣಗಳು. ಸೋದರಮಾವ, ಅತ್ತೆ-ಮಾವನ ಮಕ್ಕಳು ಹೀಗೆ ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಹುಟ್ಟು ಕಿವುಡಿನ ಸಂಭವ ಹೆಚ್ಚು. ಆದರೂ ಕಿವುಡಾಗಿ ಹುಟ್ಟುವ ಬಹುಪಾಲು ಮಕ್ಕಳ ತಂದೆತಾಯಿಗಳಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ತಾಯಿಯನ್ನು ದೂಷಿಸುವುದು ಸಲ್ಲದು.

ನೆಗಡಿ ಪದೇ ಪದೇ ಬಂದು ಕಿವಿಯ ಒಳಗೆ ನೀರು ತುಂಬಿದರೂ ಮಗುವಿಗೆ ಮಂದವಾಗಿ ಕೇಳುತ್ತದೆ. ಇದು ಬಹುತೇಕ ಗುಣವಾಗುವ ತೊಂದರೆ. ಕಿವಿಗೆ ಎಣ್ಣೆ ಹಾಕುವುದು, ಕಡ್ಡಿಯಿಂದ ಕೆದಕುವುದು ಬೇಡ. ಮಗುವನ್ನು ಮಲಗಿಸಿ ಹಾಲು ಕುಡಿಸದೆ, ತಲೆ ಎತ್ತರಿಸಿ ಕುಡಿಸಿ.

ಪರೀಕ್ಷೆಗೆ ಹೆದರಬೇಡಿ

'ಮಗು ಚಿಕ್ಕದು, ಪರೀಕ್ಷೆ ಹೇಗೆ ಮಾಡುತ್ತಾರೆ?' ಎಂಬ ಸಂಶಯ ಬೇಡ. ಓಎಇ ಪರೀಕ್ಷೆಯಲ್ಲಿ ಕಿವಿಗೆ ಸಣ್ಣ ಬಿರಡೆ ಇಟ್ಟು ಸದ್ದು ಮಾಡಿ, ಒಳಗಿವಿ ಕೊಡುವ ಮರುಸದ್ದನ್ನು ಅಳೆಯುತ್ತಾರೆ. ಬೇರಾ ಪರೀಕ್ಷೆಯಲ್ಲಿ ನಿದ್ದೆಯಲ್ಲಿರುವ ಮಗುವಿನ ಹಣೆ ಮತ್ತು ಕಿವಿಯ ಹಿಂದೆ ತಂತಿ ಅಂಟಿಸಿ, ಸದ್ದು ನರದ ಮೂಲಕ ಮಿದುಳಿಗೆ ತಲುಪುತ್ತಿದೆಯೇ ಎಂದು ನೋಡುತ್ತಾರೆ. ಎರಡರಲ್ಲೂ ಸೂಜಿಯಿಲ್ಲ, ನೋವಿಲ್ಲ, ಕರೆಂಟು ಹಾಯಿಸುವುದಿಲ್ಲ. ಹುಟ್ಟಿದ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಾಗಿ ಬಂದ ಮಕ್ಕಳಿಗೆ ಬೇರಾ ಅಗತ್ಯವಾಗಿ ಆಗಬೇಕು.

ಚಿಕಿತ್ಸೆ ಮತ್ತು ನೆರವು

ಒಳಗಿವಿಯ ದೋಷ ಸಾಮಾನ್ಯವಾಗಿ ಔಷಧಿಯಿಂದ ಹೋಗುವುದಿಲ್ಲ. ಕೆಲವೇ ತಿಂಗಳ ಮಗುವಿಗೂ ಕಿವಿಯ ಮಷಿನ್ ಹಾಕಬಹುದು. ಕಣ್ಣಿಗೆ ಕನ್ನಡಕ ಇದ್ದಂತೆ ಇದು, ನಾಚಿಕೆ ಬೇಡ. ಮಷಿನ್‌ನಿಂದ ಸಾಲದಿದ್ದರೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯಿದೆ. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಅರ್ಹ ಕುಟುಂಬಗಳಿಗೆ ಇವೆರಡಕ್ಕೂ ನೆರವು ದೊರೆಯುತ್ತದೆ. ಹುಟ್ಟು ಕಿವುಡಿನ ಮಕ್ಕಳಿಗೆ ಇಂಪ್ಲಾಂಟ್ ನೆರವು 5 ವರ್ಷದೊಳಗೆ ಮಾತ್ರ ಎಂಬುದು ನೆನಪಿರಲಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬಂದಾಗ ಮಗುವನ್ನು ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಹಾಗೂ ತರಬೇತಿ ಎರಡೂ ಇವೆ.

ಮಷಿನ್ ಹಾಕಿದ ಮಾತ್ರಕ್ಕೆ ಮಾತು ಬರುವುದಿಲ್ಲ. ಆ ದಿನದಿಂದ ಮಗು ಹೊಸದಾಗಿ ಕೇಳಲು ಕಲಿಯುತ್ತದೆ. ವಾಕ್ ತಜ್ಞರ ತರಬೇತಿ ತಪ್ಪಿಸಬೇಡಿ. ಸ್ನಾನ ಮಾಡಿಸುವಾಗ, ಉಣಿಸುವಾಗ, ರೊಟ್ಟಿ ತಟ್ಟುವಾಗ ಮಗುವಿನ ಎದುರು ಮುಖವಿಟ್ಟು, ನಿಮ್ಮ ಮನೆಮಾತಿನಲ್ಲಿ ಮಾತಾಡುತ್ತಿರಿ. ಮೊಬೈಲ್, ಟಿವಿ ಈ ಕೆಲಸ ಮಾಡಲಾರವು. ಕಿವಿ ಸರಿಯಿದ್ದೂ ಮಾತು ಬಾರದಿದ್ದರೆ ಬೇರೆ ಕಾರಣವಿರಬಹುದು. ಮಕ್ಕಳ ತಜ್ಞರು, ವಾಕ್ ತಜ್ಞರು ಇಬ್ಬರಿಗೂ ತೋರಿಸಿ.

ಹರಕೆ ಹೊತ್ತವರು ಹರಕೆ ತೀರಿಸಲಿ, ಹಿರಿಯರ ಮಾತಿಗೆ ಗೌರವವಿರಲಿ. ಆದರೆ ಕಿವಿ ಪರೀಕ್ಷೆಯನ್ನು ಮುಂದಿನ ಹಬ್ಬಕ್ಕೆ, ಮುಂದಿನ ಸುಗ್ಗಿಗೆ ಎಂದು ಮುಂದೂಡಬೇಡಿ. ಸಂಶಯ ಬಂದ ವಾರದಲ್ಲೇ ಮಗುವನ್ನು ಕರೆತನ್ನಿ. ಪರೀಕ್ಷೆಯಲ್ಲಿ ಎಲ್ಲವೂ ಸರಿಯಿದ್ದರೆ ನೆಮ್ಮದಿ, ದೋಷ ಕಂಡರೆ ಚಿಕಿತ್ಸೆಗೆ ಸಮಯ ಸಿಗುತ್ತದೆ.