ಇಂದಿನ ಧಮ್ಮಚಿಂತನೆ: ಹುಷಾರಿಲ್ಲ ಅಂತ ಹೇಳುವ ಹಕ್ಕು



ಸಿಗಾಲೋವಾದ ಸುತ್ತದ ಓದಿನಲ್ಲಿ ಇಂದು ಮಾಲೀಕ ಮತ್ತು ಕೆಲಸಗಾರರ ಭಾಗಕ್ಕೆ ಬಂದಿದ್ದೇವೆ. ಭಗವಾನ್ ಬುದ್ಧರು ಇಲ್ಲಿ ಮಾಲೀಕನಿಗೆ ಐದು ಕರ್ತವ್ಯ ಹೇಳುತ್ತಾರೆ. ಕೆಲಸಗಾರನ ಶಕ್ತಿ ನೋಡಿ ಕೆಲಸ ಕೊಡಬೇಕು, ಊಟ ಮತ್ತು ಕೂಲಿ ಕೊಡಬೇಕು, ಕಾಯಿಲೆ ಬಿದ್ದಾಗ ಉಪಚರಿಸಬೇಕು, ವಿಶೇಷ ಅಡುಗೆ ಮಾಡಿದರೆ ಹಂಚಿಕೊಳ್ಳಬೇಕು, ಹೊತ್ತಿಗೆ ಸರಿಯಾಗಿ ಬಿಡುವು ಕೊಡಬೇಕು. ಮೂರನೆಯದಕ್ಕೆ ಪಾಲಿಯಲ್ಲಿ ಗಿಲಾನುಪಟ್ಠಾನ ಎನ್ನುತ್ತಾರೆ. ಗಿಲಾನ ಎಂದರೆ ರೋಗಿ, ಉಪಟ್ಠಾನ ಎಂದರೆ ಹತ್ತಿರ ನಿಂತು ನೋಡಿಕೊಳ್ಳುವುದು. ಗಮನಿಸಿ, ಇದನ್ನು ದಾನದ ಪಟ್ಟಿಯಲ್ಲಿ ಹೇಳಿಲ್ಲ, ಕರ್ತವ್ಯದ ಪಟ್ಟಿಯಲ್ಲಿ ಹೇಳಿದ್ದಾರೆ.

ಇದೇ ಪದ ವಿನಯ ಪಿಟಕದ ಮಹಾವಗ್ಗದ ಒಂದು ಪ್ರಸಂಗಕ್ಕೂ ಸೇರಿದ್ದು. ಒಬ್ಬ ಭಿಕ್ಕು ಹೊಟ್ಟೆಯ ಕಾಯಿಲೆಯಿಂದ ತನ್ನ ಮಲಮೂತ್ರದಲ್ಲೇ ಬಿದ್ದಿದ್ದಾನೆ. ನಿನ್ನನ್ನು ನೋಡಿಕೊಳ್ಳುವವರಿಲ್ಲವೆ ಎಂದು ಭಗವಾನರು ಕೇಳುತ್ತಾರೆ. ಇಲ್ಲ. ಯಾಕಿಲ್ಲ? ನನ್ನಿಂದ ಉಳಿದ ಭಿಕ್ಕುಗಳಿಗೆ ಏನೂ ಉಪಯೋಗವಿಲ್ಲ, ಅದಕ್ಕೇ ಯಾರೂ ಬರುವುದಿಲ್ಲ ಎನ್ನುತ್ತಾನೆ. ಆನಂದರು ನೀರು ತರುತ್ತಾರೆ. ಭಗವಾನರು ಸುರಿಯುತ್ತಾರೆ, ಆನಂದರು ತೊಳೆಯುತ್ತಾರೆ, ಒಬ್ಬರು ತಲೆ ಕಡೆ ಒಬ್ಬರು ಕಾಲ ಕಡೆ ಹಿಡಿದು ಮಂಚಕ್ಕೆ ಎತ್ತಿ ಮಲಗಿಸುತ್ತಾರೆ. ಮಲ ತೊಳೆಯುವ ಕೆಲಸವನ್ನು ಒಂದು ಜಾತಿಯ ತಲೆಗೆ ಕಟ್ಟಿದ ದೇಶದಲ್ಲಿ ಇದನ್ನು ಓದುತ್ತಿದ್ದೇವೆ ಎಂಬುದು ನೆನಪಿರಲಿ. ‘ಉಪಯೋಗವಿಲ್ಲದವನು’ ಎಂಬ ಲೆಕ್ಕವನ್ನೇ ಅವರು ಒಪ್ಪಲಿಲ್ಲ. ನನ್ನ ಸೇವೆ ಮಾಡಬೇಕು ಎನ್ನುವವರು ರೋಗಿಯ ಸೇವೆ ಮಾಡಲಿ ಎಂದರು.

ಅಲ್ಲೇ ಮುಂದೆ, ಎಂಥ ರೋಗಿಯನ್ನು ಉಪಚರಿಸುವುದು ಸುಲಭ ಎಂಬ ಮಾತೂ ಬರುತ್ತದೆ. ಅದರಲ್ಲೊಂದು ಗುಣ, ತನ್ನ ಕಾಯಿಲೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿಕೊಳ್ಳುವುದು. ನಮ್ಮ ಜನಕ್ಕೆ ಕಷ್ಟವಾಗಿರುವುದು ಇದೇ.

ನಮ್ಮ ಯಾದವಗಿರಿಯಲ್ಲಿ ಬೆಳಿಗ್ಗೆ ಆರಕ್ಕೆ ಮುಂಚೆಯೇ ಪೊರಕೆಯ ಸದ್ದು ಶುರುವಾಗುತ್ತದೆ. 2015ರಲ್ಲೂ 2016ರಲ್ಲೂ ಮೈಸೂರು ದೇಶದ ಅತಿ ಸ್ವಚ್ಛ ನಗರ ಅನ್ನಿಸಿಕೊಂಡದ್ದು ಈ ಪೊರಕೆಗಳಿಂದ. ಶಾಲೆಗೆ ಹೋಗುವ ದಾರಿಯಲ್ಲಿ ಸಿಗುವ ಅಕ್ಕಂದಿರಲ್ಲಿ ಕೆಲವರ ಮಕ್ಕಳು ನನ್ನ ತರಗತಿಯಲ್ಲೇ ಇದ್ದಾರೆ. ಒಬ್ಬರಿಗೆ ಪದೇ ಪದೇ ಉರಿಮೂತ್ರ. ‘ನೀರು ಕುಡಿಯಲ್ಲ ಮಿಸ್, ಕುಡಿದರೆ ಎಲ್ಲಿಗೆ ಹೋಗೋದು?’ ಅಂದರು. ಇನ್ನೊಬ್ಬ ತಾಯಿ ಒಂದು ಲಾಡ್ಜಿನಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಹೋಗುತ್ತಾರೆ. ಸೊಂಟನೋವಿಗೆ ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿ ನುಂಗಿ ಈಗ ಹೊಟ್ಟೆಯೂ ಕೆಟ್ಟಿದೆ. ಮೇಸ್ತ್ರಿಗೆ ಹೇಳಿದಿರಾ ಎಂದರೆ, ‘ಹೇಳಿದರೆ ನಾಳೆಯಿಂದ ಬರಬೇಡ ಅಂತಾನೆ’ ಎಂಬ ಉತ್ತರ. ಮಹಾವಗ್ಗದ ಭಿಕ್ಕುವಿನ ಉತ್ತರ ಇದಕ್ಕಿಂತ ಬೇರೆಯೇನಲ್ಲ.

ಕಾಯಿಲೆ ಹೇಳಿಕೊಂಡರೆ ಕೂಲಿ ಹೋಗುವುದಾದರೆ ಯಾರು ತಾನೆ ಹೇಳಿಕೊಳ್ಳುತ್ತಾರೆ? ಇದಕ್ಕೆ ಬರೀ ಕರುಣೆ ಸಾಲದು, ಕಾನೂನು ಬೇಕು. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸ್‌ರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದರು. ಕೈಗಾರಿಕಾ ಕಾರ್ಮಿಕರ ಆರೋಗ್ಯ ವಿಮೆಯ ಬಗ್ಗೆ ಬಿ.ಪಿ. ಅಡಾರ್ಕರ್ ಅವರ ವರದಿ ಬಂದದ್ದು ಆ ಅವಧಿಯಲ್ಲಿ, 1944ರಲ್ಲಿ. ಅದರ ಮೇಲೆ 1948ರ ಇಎಸ್‌ಐ ಕಾಯ್ದೆ ಬಂತು. ಏಪ್ರಿಲ್ 14ರ ಭಾಷಣಗಳಲ್ಲಿ ಸಂವಿಧಾನದ ಬಗ್ಗೆ ನೂರು ಸಲ ಹೇಳುತ್ತೇವೆ, ಈ ನಾಲ್ಕು ವರ್ಷಗಳ ಬಗ್ಗೆ ಯಾಕೋ ಹೇಳುವುದೇ ಇಲ್ಲ.

ಈಗ ಸ್ವಲ್ಪ ಲೆಕ್ಕ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಅನ್ವಯಿಸುತ್ತದೆ. ಕಾರ್ಮಿಕರ ಪಾಲು ಶೇ. 0.75, ಮಾಲೀಕರ ಪಾಲು ಶೇ. 3.25. ಅಂದರೆ 12,000 ಸಂಬಳದವರಿಂದ 90 ರೂಪಾಯಿ, ಮಾಲೀಕರಿಂದ 390. ಇದರಲ್ಲಿ ಕುಟುಂಬಕ್ಕೂ ಚಿಕಿತ್ಸೆ ಸಿಗುತ್ತದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇದು: ವೈದ್ಯರು ರಜೆ ಬರೆದುಕೊಟ್ಟರೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ. 70ರಷ್ಟು ಹಣ ಬರುತ್ತದೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಕಟ್ಟಿರಬೇಕು, ಅಷ್ಟೆ. ಕ್ಷಯ, ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗಳಿಗೆ ಇನ್ನೂ ಹೆಚ್ಚು ಕಾಲ ಕೊಡುತ್ತಾರೆ, ಆ ಪಟ್ಟಿಯಲ್ಲಿ ತೀವ್ರ ಮಾನಸಿಕ ಕಾಯಿಲೆಯೂ ಇದೆ. ಗುತ್ತಿಗೆದಾರ ವಂತಿಗೆ ಕಟ್ಟದಿದ್ದರೆ ಕೆಲಸ ಮಾಡಿಸಿಕೊಳ್ಳುವ ಮೂಲ ಸಂಸ್ಥೆಯೇ ಕಟ್ಟಬೇಕು. ಆಸ್ಪತ್ರೆಯೇನೂ ದೂರವಿಲ್ಲ, ಇಲ್ಲೇ ಕೆಆರ್‌ಎಸ್ ರಸ್ತೆಯಲ್ಲಿದೆ. ಆದರೂ ಆ ಲಾಡ್ಜಿನ ತಾಯಿಗೆ ತಮ್ಮ ಸಂಬಳದಲ್ಲಿ ‘ಏನೋ ಕಟ್ ಆಗುತ್ತೆ’ ಎಂದಷ್ಟೇ ಗೊತ್ತಿತ್ತು. ಚೀಟಿ ತರಿಸಿ ನೋಡಿದೆವು. ಹತ್ತು ಅಂಕಿಯ ವಿಮಾ ಸಂಖ್ಯೆ ಅದರಲ್ಲೇ ಇತ್ತು.

ಮನಸ್ಸಿನ ಮಾತಿಗೆ ಬರೋಣ. ನಮ್ಮ ಕೂಟಗಳಲ್ಲಿ ಎರಡು ಬಾಣಗಳ ಸುತ್ತವನ್ನು ಆಗಾಗ ಹೇಳುತ್ತೇವೆ. ಮೊದಲ ಬಾಣ ದೇಹದ ನೋವು, ಎರಡನೆಯದು ಅದಕ್ಕಾಗಿ ಮನಸ್ಸು ಪಡುವ ನೋವು, ಅಭ್ಯಾಸ ಮಾಡಿದರೆ ಎರಡನೆಯದರಿಂದ ತಪ್ಪಿಸಿಕೊಳ್ಳಬಹುದು ಎಂದು. ಮಾತು ನಿಜವೇ. ಆದರೆ ಮೂರು ತಿಂಗಳು ಸಂಬಳ ಬಾರದವರಿಗೆ ಇದನ್ನು ಹೇಳಹೊರಟರೆ ಅದು ಉಪದೇಶವಲ್ಲ, ಗಾಯಕ್ಕೆ ಉಪ್ಪು. 2018ರ ಜುಲೈನಲ್ಲಿ ಬೆಂಗಳೂರಿನ ಪೌರಕಾರ್ಮಿಕರೊಬ್ಬರು ತಿಂಗಳುಗಟ್ಟಲೆ ಸಂಬಳ ಸಿಗದೆ ಆತ್ಮಹತ್ಯೆ ಮಾಡಿಕೊಂಡರು. ಅವರಿಗೆ ತಗುಲಿದ ಎರಡನೆಯ ಬಾಣವನ್ನು ಅವರ ಮನಸ್ಸೇ ಹೂಡಿದ್ದು ಎನ್ನಲು ನನಗೆ ಬಾಯಿ ಬರುವುದಿಲ್ಲ. ದುಃಖಕ್ಕೆಲ್ಲ ರೋಗಿಯ ಆಸೆಯೇ ಕಾರಣ ಎಂಬ ಸಿದ್ಧ ಓದನ್ನು ಬಾಬಾಸಾಹೇಬರು ಕೂಡ ‘ಬುದ್ಧ ಮತ್ತು ಆತನ ಧಮ್ಮ’ದ ಮುನ್ನುಡಿಯಲ್ಲೇ ಪ್ರಶ್ನೆಗೆ ಇಟ್ಟಿದ್ದಾರೆ.

ಕುಡಿತದ ವಿಷಯವೂ ಹೀಗೆಯೇ. ಐದನೆಯ ಶೀಲ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಚರಂಡಿ ಕೆಲಸ ಮುಗಿಸಿ ಬಂದು ಮೈಯ ವಾಸನೆ ಮರೆಯಲು ಕುಡಿಯುವ ಅಣ್ಣನಿಗೆ ಶೀಲ ಬೋಧಿಸುವ ಮೊದಲು ನಿದ್ದೆ ಬರುತ್ತಾ ಎಂದು ಕೇಳಿ. ಕುಡಿತ ಬಿಡಿಸುವುದಕ್ಕೂ ಔಷಧ ಇದೆ, ಕೆ.ಆರ್. ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಹೋಗಲು ಸಂಕೋಚವಾದರೆ ಟೆಲಿ ಮಾನಸ್ ಸಂಖ್ಯೆ 14416 ಇದೆ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಇವತ್ತೇ ಮೊಬೈಲಿನಲ್ಲಿ ಸೇವ್ ಮಾಡಿಕೊಳ್ಳಿ.

ಒಂದು ಕಹಿ ಮಾತು, ಬೇಸರ ಮಾಡಿಕೊಳ್ಳಬೇಡಿ. ಮನೆಗೆಲಸದವರಿಗೆ ಇಎಸ್‌ಐ ಇಲ್ಲ. ಆಸ್ಪತ್ರೆ ಸೇರಿದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ, ಆದರೆ ಮನೆಯಲ್ಲಿ ಮಲಗಿದ ದಿನದ ಕೂಲಿ ಯಾರೂ ಕೊಡುವುದಿಲ್ಲ. ಬಾಬಾಸಾಹೇಬರ ದಯೆಯಿಂದ ನಮ್ಮಲ್ಲಿ ಅನೇಕರು ಓದಿ, ಸರ್ಕಾರಿ ನೌಕರಿ ಹಿಡಿದು, ಮನೆ ಕಟ್ಟಿದ್ದೇವೆ, ಆ ಮನೆಗಳಲ್ಲಿ ಪಾತ್ರೆ ತೊಳೆಯಲು ಬರುವವರಿದ್ದಾರೆ. ಸಿಗಾಲೋವಾದದ ಮಾಲೀಕ ಎಂದರೆ ಈಗ ನಾವೇ. ನಮಗೆ ಜ್ವರ ಬಂದರೆ ಸಿ.ಎಲ್. ಹಾಕುತ್ತೇವೆ. ಅವರ ಜ್ವರದ ದಿನಕ್ಕೆ ಸಂಬಳ ಹಿಡಿಯುತ್ತೇವೋ ಇಲ್ಲವೋ, ಅವರವರ ಮನೆಯಲ್ಲಿ ನೋಡಿಕೊಳ್ಳಿ.

ಭಾನುವಾರ ವಂದನೆ ಮುಗಿದ ಮೇಲೆ ಒಂದು ಗಂಟೆ ಕೂರೋಣ. ಮೇಟಗಳ್ಳಿ, ಹೆಬ್ಬಾಳದ ಕಾರ್ಖಾನೆಗಳಿಗೆ, ಹೋಟೆಲು, ಆಸ್ಪತ್ರೆ ಹೌಸ್‌ಕೀಪಿಂಗ್‌ಗೆ ಹೋಗುವ ಬಂಧುಗಳು ನಿಮ್ಮ ಬೀದಿಯಲ್ಲಿದ್ದರೆ ಸಂಬಳ ಚೀಟಿ ಮತ್ತು ಆಧಾರ್ ತರಲು ಹೇಳಿ. ಚೀಟಿಯೇ ಕೊಡುವುದಿಲ್ಲ ಎನ್ನುವವರು ಖಂಡಿತ ಬರಲಿ.

ಜೈ ಭೀಮ್.