ಗುಡುಗುವ ಗಿಟಾರಿನೊಡನೆ ಹಳ್ಳಿಯ ಪಿಟೀಲು

ಒಂದು ಕಡೆ ವಿದ್ಯುತ್ ಗಿಟಾರಿನ ಗುಡುಗು; ಇನ್ನೊಂದು ಕಡೆ ಹಳ್ಳಿಯ ಕುಣಿತಕ್ಕೆ ನುಡಿಸುವ ಪಿಟೀಲು. ಇವೆರಡೂ ಕೂಡಿದರೆ ಪಿಟೀಲಿನ ದನಿ ಅಡಗಿಹೋಗುವುದೆಂದು ಯಾರಿಗಾದರೂ ತೋರುವುದು ಸಹಜ. ಆದರೆ 1990ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ‘ಸ್ಕೈಕ್ಲ್ಯಾಡ್’ ವಾದ್ಯವೃಂದವು ಮರುವರ್ಷವೇ ಹೊರತಂದ ‘ದಿ ವೇವರ್ಡ್ ಸನ್ಸ್ ಆಫ್ ಮದರ್ ಅರ್ತ್’ ಎಂಬ ಚೊಚ್ಚಲ ಧ್ವನಿಮುದ್ರಿಕೆಯಲ್ಲಿ ಹಾಗಾಗಲಿಲ್ಲ. ಅದರಲ್ಲಿನ ‘ದಿ ವಿಡರ್‌ಶಿನ್ಸ್ ಜಿಗ್’ ಎಂಬ ಹಾಡು ‘ಫೋಕ್ ಮೆಟಲ್’ ಎಂಬ ಸಂಗೀತಪ್ರಕಾರಕ್ಕೆ ನಾಂದಿಯಾಯಿತೆಂದು ಅನೇಕರು ಎಣಿಸುತ್ತಾರೆ. ಜಿಗ್ ಎಂದರೆ ಬ್ರಿಟಿಷ್ ದ್ವೀಪಗಳ ಒಂದು ಹಳೆಯ ಕುಣಿತ. ವಿಡರ್‌ಶಿನ್ಸ್ ಎಂದರೆ ಅಪ್ರದಕ್ಷಿಣ. ಈ ಕೂಟ ಹೇಗೆ ಸಾಧ್ಯವಾಯಿತೆಂಬುದನ್ನು ಧ್ವನಿಶಾಸ್ತ್ರದ ನೆರವಿನಿಂದ ವಿಚಾರಿಸೋಣ.

ಮೀಟಿದ ತಂತಿಯ ನಾದವು ಬೇಗನೆ ಕುಗ್ಗುತ್ತದೆ. ಅದನ್ನು ವರ್ಧಕದ ಶಕ್ತಿಗೆ ಮೀರುವಷ್ಟು ಹಿಗ್ಗಿಸಿದಾಗ ತರಂಗದ ಶಿಖರಗಳು ಕತ್ತರಿಸಿದಂತೆ ಚಪ್ಪಟೆಯಾಗುತ್ತವೆ. ಇದರಿಂದ ಮೂಲಸ್ವರದೊಡನೆ ಹಲವು ಉಪಸ್ವರಗಳು ಬಲಗೊಳ್ಳುವುವು. ನಾದವೂ ಬಹಳ ಹೊತ್ತು ನಿಲ್ಲುವುದು. ಗಿಟಾರಿನ ಅತಿ ದಪ್ಪ ತಂತಿಯು ಸಾಧಾರಣವಾಗಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಅದನ್ನು ಷಡ್ಜವೆಂದು ಭಾವಿಸಿದರೆ ಪಂಚಮಕ್ಕೆ 123 ಕಂಪನಗಳು. ಇವೆರಡನ್ನೂ ಕೂಡಿಸಿ ಅದೇ ವರ್ಧಕದಲ್ಲಿ ಹಾಯಿಸಿದರೆ ಅವುಗಳ ಅಂತರವಾದ 41 ಕಂಪನಗಳ ಹೊಸ ಸ್ವರವೊಂದು ಹುಟ್ಟುತ್ತದೆ. ಇದು ಮಂದ್ರ ಷಡ್ಜವೇ ಆದುದರಿಂದ ನಾದವು ತುಂಬಿ ನಿಲ್ಲುತ್ತದೆ. ಗಾಂಧಾರವನ್ನೂ ಸೇರಿಸಿದರೆ ಇಂಥ ಹೊಸ ಸ್ವರಗಳು ಕಿಕ್ಕಿರಿದು ನಾದವು ಕಲಕಿಹೋಗುವುದು. ಆದುದರಿಂದಲೇ ಇಂಥ ವಾದಕರು ಹೆಚ್ಚಾಗಿ ಷಡ್ಜ-ಪಂಚಮಗಳನ್ನು ಮಾತ್ರ ಹಿಡಿಯುತ್ತಾರೆ.

ಇಲ್ಲಿಯೇ ಪಿಟೀಲಿಗೆ ಎಡೆ ದೊರೆಯುತ್ತದೆ. ಹಾಡಿನ ಭಾವವನ್ನು ಬಹುಮಟ್ಟಿಗೆ ನಿರ್ಧರಿಸುವ ಗಾಂಧಾರವನ್ನು ಗಿಟಾರು ಖಾಲಿ ಬಿಟ್ಟಿರುವಾಗ, ಯಾವ ಗಾಂಧಾರವೆಂಬುದನ್ನು ಪಿಟೀಲೇ ಹೇಳಬಹುದು. ನಮ್ಮ ತಂಬೂರಿಯು ಸಾಮಾನ್ಯವಾಗಿ ಷಡ್ಜ-ಪಂಚಮಗಳನ್ನಷ್ಟೇ ಮಿಡಿದು ಗಾಯಕನಿಗೆ ರಾಗವನ್ನು ಬಿಟ್ಟುಕೊಡುವುದೂ ಹೀಗೆಯೇ ಅಲ್ಲವೇ? ಪಿಟೀಲಿನ ಅತಿ ಕೆಳಗಿನ ತಂತಿಯೂ 196 ಸಲ ಕಂಪಿಸುವುದರಿಂದ ಅದರ ಧಾಟಿಯು ಗಿಟಾರಿನ ಆಧಾರಸ್ವರಗಳಿಗಿಂತ ಮೇಲೆಯೇ ಸಂಚರಿಸುತ್ತದೆ. ಇದಲ್ಲದೆ, ರಾಳ ಹಚ್ಚಿದ ಕಮಾನು ತಂತಿಯನ್ನು ಹಿಡಿದು ಬಿಟ್ಟು, ಮತ್ತೆ ಹಿಡಿದು ಬಿಟ್ಟು ನಾದವನ್ನು ಬೇಕಾದಷ್ಟು ಹೊತ್ತು ಎಳೆಯಬಲ್ಲದು. ಹೀಗೆ ದೀರ್ಘನಾದದಲ್ಲಿಯೂ ಉಪಸ್ವರಗಳ ಸಮೃದ್ಧಿಯಲ್ಲಿಯೂ ಇವೆರಡು ವಾದ್ಯಗಳು ನಾವು ಎಣಿಸಿದಷ್ಟು ದೂರದವಲ್ಲ.

ಹಳೆಯ ಧಾಟಿಯು ಹೊಸ ಯಂತ್ರದ ಅಬ್ಬರದಲ್ಲಿ ಅಳಿಯುವುದೆಂಬ ಭಯ ಎಲ್ಲ ನಾಡುಗಳಲ್ಲಿಯೂ ಉಂಟು. ಅಬ್ಬರವನ್ನು ತಗ್ಗಿಸದೆಯೇ ಅದರೊಳಗೆ ಧಾಟಿಗೊಂದು ಸ್ಥಳವನ್ನು ಕಾದಿರಿಸಬಹುದೆಂದು ಈ ಧ್ವನಿಮುದ್ರಿಕೆ ತೋರಿಸಿಕೊಟ್ಟಿತು.