ವಿಶ್ವೇಶ್ವರಯ್ಯನವರ ವಿದ್ಯಾರ್ಥಿದೆಶೆ

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಕೇಳಿದೊಡನೆ ಕನ್ನಂಬಾಡಿಯ ಕಟ್ಟೆ ಕಣ್ಣಮುಂದೆ ನಿಲ್ಲುವುದು ಸಹಜ. ಆದರೆ ವಿದ್ಯಾಸಂಸ್ಥೆಗಳಿಗೆ ಅವರ ಕೀರ್ತಿಗಿಂತಲೂ ಹೆಚ್ಚು ಬೋಧಪ್ರದವಾದುದು, 1881ರಲ್ಲಿ ಪುಣೆಯ ವಿಜ್ಞಾನ ಕಾಲೇಜಿಗೆ ಎಂಜಿನಿಯರಿಂಗ್ ಕಲಿಯಲು ಹೋದ ತರುಣ ವಿಶ್ವೇಶ್ವರಯ್ಯನವರ ಪರಿಸ್ಥಿತಿ. ಹಿನ್ನೆಲೆಯೆಂದರೆ ಹಿಂದಿನ ನೆಲೆ. ಅದು ಹೊರಟ ಸ್ಥಾನವನ್ನು ಸೂಚಿಸುವುದೇ ಹೊರತು ಸೇರಬೇಕಾದ ಸ್ಥಾನವನ್ನಲ್ಲ. ಈ ಮಾತಿಗೆ ಅವರ ವಿದ್ಯಾರ್ಥಿಜೀವನವೇ ನಿದರ್ಶನ.

ನಂದಿಬೆಟ್ಟದ ಸಮೀಪದ ಮುದ್ದೇನಹಳ್ಳಿ ಅವರ ಜನ್ಮಸ್ಥಳ. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಮನೆಯಲ್ಲಿ ವಿದ್ಯೆಯಿತ್ತು, ಸಿರಿಯಿರಲಿಲ್ಲ. ಎಳವೆಯಲ್ಲಿಯೇ ಪಿತೃವಿಯೋಗವಾಯಿತು. ಚಿಕ್ಕಬಳ್ಳಾಪುರದಲ್ಲಿ ಆರಂಭಿಕ ವಿದ್ಯಾಭ್ಯಾಸ ನಡೆಯಿತು. ಅನಂತರ ಬೆಂಗಳೂರಿನಲ್ಲಿ ಸೋದರಮಾವನವರ ಆಸರೆ ದೊರೆಯಿತು. ಅನ್ಯರ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ವೆಚ್ಚವನ್ನು ತೂಗಿಸಿಕೊಳ್ಳುತ್ತ ಅವರು ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಆಗ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಆ ಕಾಲೇಜಿನಿಂದ ಬಿ.ಎ. ಪದವಿ ಪಡೆದರು.

ಅವರ ಅಭಿರುಚಿ ಗಣಿತದಲ್ಲಿ ನೆಲೆಸಿತ್ತು. ಪ್ರಾಂಶುಪಾಲರಾಗಿದ್ದ ಚಾರ್ಲ್ಸ್ ವಾಟರ್ಸ್ ಅವರು ಈ ಶಿಷ್ಯನ ಶಕ್ತಿಯನ್ನು ಗುರುತಿಸಿದ್ದರು. ಆದರೆ ಎಂಜಿನಿಯರಿಂಗ್ ಪದವಿಯನ್ನು ನೀಡುವ ಕಾಲೇಜು ಆಗ ಮೈಸೂರು ಸಂಸ್ಥಾನದಲ್ಲಿ ಇರಲಿಲ್ಲ. ಪರಊರಿನಲ್ಲಿದ್ದು ಓದುವಷ್ಟು ಹಣ ಅವರಲ್ಲಿರಲಿಲ್ಲ. ಮೈಸೂರು ಸರ್ಕಾರ ಕೊಟ್ಟ ವಿದ್ಯಾರ್ಥಿವೇತನವೇ ಅವರನ್ನು ಪುಣೆಗೆ ಒಯ್ದಿತು. ಅದು ದೊರೆಯದಿದ್ದರೆ ಗಣಿತದ ಒಲವು ಮನೆಪಾಠದಲ್ಲಿಯೇ ಮುಗಿದುಹೋಗುವ ಸಂಭವವಿತ್ತು.

ಪುಣೆಯಲ್ಲಿ ಅವರು 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿ, ಮರುವರ್ಷ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರಾದರು. ಅದೇ ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯದಲ್ಲಿ, ನೀರು ನಿಯತ ಮಟ್ಟವನ್ನು ಮೀರಿದೊಡನೆ ತಾವಾಗಿಯೇ ತೆರೆದುಕೊಳ್ಳುವ, ಅವರ ಕಲ್ಪನೆಯ ಬಾಗಿಲುಗಳು 1903ರಲ್ಲಿ ಅಳವಟ್ಟವು. ವಿದ್ಯಾರ್ಥಿಯಾಗಿ ಪಡೆದುದನ್ನು ಆ ನಾಡಿಗೆ ಅವರು ಹೀಗೆ ಹಿಂದಿರುಗಿಸಿದರು. ಸ್ವಂತ ನಾಡಿನ ಋಣವನ್ನೂ ಮರೆಯಲಿಲ್ಲ. ಅವರು ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ತಾವು ವಿದ್ಯೆಗಾಗಿ ನಾಡನ್ನು ಬಿಟ್ಟು ಹೋಗಬೇಕಾಗಿದ್ದಂತೆ ಮುಂದಿನವರು ಹೋಗಬೇಕಾಗಿರಲಿಲ್ಲ.

ಇಂದು ಹಳ್ಳಿಯ ಕನ್ನಡ ಶಾಲೆಯಿಂದ ಬಂದು ಎಂಜಿನಿಯರಿಂಗ್ ಮೊದಲ ವರ್ಷಕ್ಕೆ ಸೇರುವ ವಿದ್ಯಾರ್ಥಿಯು ಗಣಿತ, ಭೌತಶಾಸ್ತ್ರ, ನಕ್ಷೆಯ ರಚನೆ ಮೊದಲಾದವುಗಳನ್ನು ಒಮ್ಮೆಗೇ ಎದುರಿಸಬೇಕಾಗುತ್ತದೆ. ಎಷ್ಟೋ ವೇಳೆ ಅವನು ಸೋಲುವುದು ವಿಷಯಕ್ಕಲ್ಲ, ಇಂಗ್ಲಿಷಿನ ಪಾಠಕ್ಕೆ. ಅದನ್ನು ತನ್ನ ಬುದ್ಧಿಯ ಕೊರತೆಯೆಂದು ಬಗೆದು ಕುಗ್ಗುತ್ತಾನೆ. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧನೆಗೆ 2021ರಲ್ಲಿ ಅನುಮತಿ ದೊರೆತಿದೆಯಾದರೂ, ಅನುಮತಿಯೊಂದರಿಂದಲೇ ಆ ಅಳುಕು ನೀಗದು. ಅವನ ಒಲವನ್ನು ಅರಿಯುವ ಅಧ್ಯಾಪಕರು ಬೇಕು. ಶುಲ್ಕದ ಚಿಂತೆಯನ್ನು ಕಳೆಯುವ ದಾನಿಗಳು ಬೇಕು. ತಾವು ದಾಟಿದ ದಾರಿಯನ್ನು ತೋರುವ ಹಿರಿಯ ವಿದ್ಯಾರ್ಥಿಗಳು ಬೇಕು. ಪರಿಶ್ರಮವು ವಿದ್ಯಾರ್ಥಿಯದು, ಆ ಪರಿಶ್ರಮ ವ್ಯರ್ಥವಾಗದಂತೆ ಕಾಯುವ ಹೊಣೆ ಸಮಾಜದ್ದು.